‘ಮರಳಿ ಬಾರದ ಬಾಗಿಲು’ ಯಾರಿಗಾಗಿ ತೆರೆಯುತ್ತದೆ? ಘಾನಾದ ಕೋಟೆ ಪ್ರವಾಸದ ಹಿನ್ನೆಲೆ

ಪಶ್ಚಿಮ ಆಫ್ರಿಕಾದ ಘಾನಾ ದೇಶದ ಕೇಪ್ ಕೋಸ್ಟ್ ಕೋಟೆಗೆ ಬಂದ ಪ್ರವಾಸಿಗರನ್ನು ಗೈಡು ಗಂಡಸರ ಸೆರೆಮಾಳಿಗೆಗೆ ಇಳಿಸಿಕೊಂಡು ಹೋಗುತ್ತಾನೆ. ಒಳಗೆ ಬೆಳಕು ಬರುವುದು ಗೋಡೆಯ ತುದಿಯಲ್ಲಿರುವ ಒಂದೆರಡು ಸಣ್ಣ ಕಿಂಡಿಗಳಿಂದ ಮಾತ್ರ. ನೆಲಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವ ಕಪ್ಪು ಪದರವನ್ನು ತೋರಿಸಿ, ಇದು ಮಣ್ಣಲ್ಲ, ಇಲ್ಲಿ ಕೂಡಿಹಾಕಿದ್ದವರ ಮಲಮೂತ್ರ, ರಕ್ತ, ಬೆವರು ಒಣಗಿ ಕಲ್ಲಾದದ್ದು ಎಂದು ಆತ ಹೇಳಿದಾಗ, ಅಲ್ಲಿಯವರೆಗೆ ಫೋಟೊ ತೆಗೆಯುತ್ತಿದ್ದವರ ಕೈ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಈ ಮಾಳಿಗೆಯ ನೆತ್ತಿಯ ಮೇಲೆಯೇ ಆಂಗ್ಲಿಕನ್ ಪ್ರಾರ್ಥನಾ ಮಂದಿರವಿತ್ತು ಎಂಬ ಸಂಗತಿಯನ್ನು ಮೇಲೆ ಬಂದ ಮೇಲೆ ತಿಳಿಸಲಾಗುತ್ತದೆ. ಕೊನೆಗೆ ಕಡಲ ಕಡೆಯ ಬಾಗಿಲು, ಅಂದರೆ ಸೆರೆಯಾಳುಗಳನ್ನು ಹಡಗಿಗೆ ದಾಟಿಸುತ್ತಿದ್ದ ‘ಮರಳಿ ಬಾರದ ಬಾಗಿಲು’.

ಹೀಗೆ ಒಂದೆರಡು ಗಂಟೆಯಲ್ಲಿ ಮುಗಿಯುವ ಈ ನಡಿಗೆಯ ಪ್ರತಿ ಹೆಜ್ಜೆಯ ಹಿಂದೆಯೂ ಮೂವತ್ತು ವರ್ಷಗಳ ತಕರಾರಿದೆ. ಗೋಡೆಗೆ ಯಾವ ಬಣ್ಣ ಇರಬೇಕು, ಟಿಕೆಟ್ಟಿಗೆ ಯಾರು ಎಷ್ಟು ಕೊಡಬೇಕು, ಯಾವ ಕೋಣೆಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾರ ಪೂರ್ವಜರು ಯಾರನ್ನು ಮಾರಿದರು ಎಂಬುದನ್ನು ಹೇಳಬೇಕೋ ಬೇಡವೋ, ಇವೆಲ್ಲ ಒಂದಲ್ಲ ಒಂದು ಕಾಲದಲ್ಲಿ ಜಗಳಕ್ಕೆ ಕಾರಣವಾದ ಪ್ರಶ್ನೆಗಳು. ಈಗ ಮಾರಾಟವಾಗುತ್ತಿರುವ ‘ಪಾರಂಪರಿಕ ಪ್ರವಾಸ’ದ ಪ್ಯಾಕೇಜು ಆ ಜಗಳಗಳ ರಾಜಿಪತ್ರವೆಂದರೂ ತಪ್ಪಾಗಲಾರದು.

ಕೋಟೆಗಳ ಪೂರ್ವಕಥೆ ಚಿಕ್ಕದಾಗಿ ಹೀಗಿದೆ. 1482ರಲ್ಲಿ ಪೋರ್ಚುಗೀಸರು ಚಿನ್ನದ ವ್ಯಾಪಾರಕ್ಕೆಂದು ಎಲ್ಮಿನಾದಲ್ಲಿ ಕೋಟೆ ಕಟ್ಟಿದರು; 1637ರಲ್ಲಿ ಡಚ್ಚರು ಅದನ್ನು ಕಿತ್ತುಕೊಂಡರು; 1872ರಲ್ಲಿ ಅದು ಬ್ರಿಟಿಷರ ಪಾಲಾಯಿತು. ಅಲ್ಲಿಂದ ಸ್ವಲ್ಪ ದೂರದ ಕೇಪ್ ಕೋಸ್ಟ್ ಸ್ವೀಡಿಷರಿಂದ ಆರಂಭವಾಗಿ, ಹಲವು ಕೈ ಬದಲಿಸಿ, 1660ರ ದಶಕದಲ್ಲಿ ಬ್ರಿಟಿಷರ ವಶಕ್ಕೆ ಬಂತು. ಚಿನ್ನದ ಜಾಗವನ್ನು ಮನುಷ್ಯರು ತುಂಬಿದರು. ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದ ಸುಮಾರು 1.25 ಕೋಟಿ ಆಫ್ರಿಕನ್ನರಲ್ಲಿ ಅಂದಾಜು 12 ಲಕ್ಷ ಮಂದಿ ಗೋಲ್ಡ್ ಕೋಸ್ಟ್ ಎಂದು ಆಗ ಕರೆಯುತ್ತಿದ್ದ ಈ ಕರಾವಳಿಯಿಂದ ಹೋದವರು. ಅವರಿಗೆ ಬದಲಾಗಿ ಕೊಟ್ಟ ಸರಕಿನಲ್ಲಿ ಬಂದೂಕು, ಮದ್ಯದ ಜೊತೆಗೆ ನಮ್ಮ ಕೋರಮಂಡಲ ಮತ್ತು ಗುಜರಾತಿನ ಹತ್ತಿಬಟ್ಟೆಯೂ ಇತ್ತು ಎಂಬುದನ್ನು ಭಾರತೀಯ ಪ್ರವಾಸಿಗರು ನೆನಪಿಡಬಹುದು. 1807ರಲ್ಲಿ ಬ್ರಿಟನ್ ಈ ವ್ಯಾಪಾರವನ್ನು ನಿಷೇಧಿಸಿತು, 1877ರಲ್ಲಿ ವಸಾಹತಿನ ರಾಜಧಾನಿ ಕೇಪ್ ಕೋಸ್ಟಿನಿಂದ ಅಕ್ರಾಕ್ಕೆ ಹೋಯಿತು, 1957ರ ಮಾರ್ಚ್ 6ರಂದು ದೇಶ ಸ್ವತಂತ್ರವಾಯಿತು.

ಆ ಬಳಿಕವೂ ಕೋಟೆಗಳು ಪವಿತ್ರ ಸ್ಮಾರಕಗಳಾಗಿರಲಿಲ್ಲ ಎಂಬುದು ಮುಖ್ಯ. ಎಲ್ಮಿನಾ ಕೋಟೆ ಪೊಲೀಸ್ ತರಬೇತಿ ಶಾಲೆಯಾಗಿತ್ತು. ಅಕ್ರಾದ ಜೇಮ್ಸ್ ಕೋಟೆ ಮತ್ತು ಅಷರ್ ಕೋಟೆ ಜೈಲುಗಳಾಗಿದ್ದವು. ಸುತ್ತಲಿನ ಊರಿನವರಿಗೆ ಅವು ಸರ್ಕಾರಿ ಕಟ್ಟಡಗಳು. ಅಜ್ಜ ಪೊಲೀಸ್ ಕೆಲಸಕ್ಕೆ ಸೇರಿದ ಜಾಗ, ಹಬ್ಬದ ದಿನ ಮೆರವಣಿಗೆ ಸಾಗುವ ಹಿನ್ನೆಲೆ. 1979ರಲ್ಲಿ ಯುನೆಸ್ಕೊ ಕರಾವಳಿಯ ಕೋಟೆಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಈ ಸ್ಥಿತಿ ಒಮ್ಮೆಲೇ ಬದಲಾಗಲಿಲ್ಲ.

ಬದಲಾದದ್ದು 1990ರ ದಶಕದಲ್ಲಿ. ಕೋಕೋ ಮತ್ತು ಚಿನ್ನದ ಬೆಲೆಯನ್ನೇ ನೆಚ್ಚಿಕೊಂಡಿದ್ದ ದೇಶ ಪ್ರವಾಸೋದ್ಯಮದ ಕಡೆ ತಿರುಗಿತು. ಕೇಪ್ ಕೋಸ್ಟ್ ಮತ್ತು ಎಲ್ಮಿನಾ ಕೋಟೆಗಳ ದುರಸ್ತಿ, ಹತ್ತಿರದ ಕಾಕುಮ್ ಕಾಡಿನಲ್ಲಿ ಮರದ ತುದಿಗಳ ನಡುವೆ ತೂಗುಸೇತುವೆ, ಇವೆರಡನ್ನೂ ಒಂದೇ ಯೋಜನೆಯಡಿ ತಂದು, ಅಮೆರಿಕದ ನೆರವು ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಹಣ ಹೂಡಲಾಯಿತು. ಕೋಟೆಯೊಳಗಿನ ವಸ್ತುಪ್ರದರ್ಶನಕ್ಕೆ ಅಮೆರಿಕದ ವಸ್ತುಸಂಗ್ರಹಾಲಯಗಳ ಸ್ಮಿತ್ಸೋನಿಯನ್ ಸಂಸ್ಥೆ ಕೈಜೋಡಿಸಿತು. 1994ರಲ್ಲಿ ತೆರೆದ ಆ ಪ್ರದರ್ಶನದ ಹೆಸರು ‘ಜನರ ಕೂಡುದಾರಿ, ವ್ಯಾಪಾರದ ಕೂಡುದಾರಿ’. ಗುಲಾಮಗಿರಿ ಎಂಬ ಮಾತು ಶೀರ್ಷಿಕೆಯಲ್ಲಿ ಇಲ್ಲ; ಎಲ್ಲರಿಗೂ ಒಪ್ಪಿಗೆಯಾಗುವ ಹೆಸರನ್ನು ಹುಡುಕಿದರೆ ಇಂಥದ್ದೇ ಸಿಗುತ್ತದೆ.

ದುರಸ್ತಿಯ ಭಾಗವಾಗಿ ಗೋಡೆಗಳಿಗೆ ಸುಣ್ಣ ಬಳಿದರು. ಉಪ್ಪುಗಾಳಿಗೆ ಸದಾ ಮೈಯೊಡ್ಡಿ ನಿಂತ ಕಟ್ಟಡಕ್ಕೆ ಸುಣ್ಣವೇ ರಕ್ಷೆ, ಹಿಂದಿನ ಕಾಲದಲ್ಲೂ ಅವು ಬಿಳಿಯಾಗಿಯೇ ಇದ್ದವು ಎಂಬುದು ಸಂರಕ್ಷಣಾ ತಜ್ಞರ ವಾದ, ಅದು ಸುಳ್ಳೇನಲ್ಲ. ಆದರೆ ಆ ವೇಳೆಗಾಗಲೇ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳಿಂದ ಬಂದು ಇಲ್ಲಿ ನೆಲೆಸಿದ್ದ ಕರಿಯ ಜನಾಂಗದವರ ಒಂದು ಸಣ್ಣ ಸಮುದಾಯವಿತ್ತು. ಇಂಗ್ಲಿಷಿನಲ್ಲಿ ಸುಣ್ಣ ಬಳಿಯುವುದಕ್ಕೂ ಪಾಪ ಮುಚ್ಚಿಹಾಕುವುದಕ್ಕೂ ಇರುವುದು ಒಂದೇ ಪದ. ನಮ್ಮ ಚರಿತ್ರೆಗೇ ಸುಣ್ಣ ಬಳಿಯುತ್ತಿದ್ದೀರಾ ಎಂದು ಅವರು ಕೇಳಿದರು. ಕನ್ನಡಿಗನ ಕಿವಿಗೆ ಈ ಕೋಪ ತಟ್ಟನೆ ನಾಟದಿರಬಹುದು, ಏಕೆಂದರೆ ನಮ್ಮಲ್ಲಿ ಮನೆಗೆ ಸುಣ್ಣಬಣ್ಣವೆಂದರೆ ಹಬ್ಬವೋ ಮದುವೆಯೋ ಹತ್ತಿರ ಬಂತೆಂದು ಅರ್ಥ. ಅವರಿಗೆ ಅಂಜಿಕೆಯಾದದ್ದೂ ಹಬ್ಬದ ವಾತಾವರಣದ ಬಗ್ಗೆಯೇ. ಮಾಳಿಗೆಗಳು ಕತ್ತಲಾಗಿ, ವಾಸನೆ ಬರುವಂತೆ, ಇದ್ದಹಾಗೆಯೇ ಇರಬೇಕು, ಅದು ಸ್ಮಶಾನ ಎಂಬುದು ಅವರ ಬೇಡಿಕೆ. ಕೋಟೆಯೊಳಗೆ ಊಟದ ಹೋಟೆಲು ನಡೆಸುವ ವಿಚಾರ ಬಂದಾಗ ಈ ಅಸಮಾಧಾನ ಇನ್ನಷ್ಟು ಬಲವಾಯಿತು.

ಊರಿನವರ ಲೆಕ್ಕಾಚಾರ ಬೇರೆಯಾಗಿತ್ತು. ಕೋಟೆ ಚೆಂದವಾಗಿ ಕಂಡರೆ ಜನ ಬರುತ್ತಾರೆ, ಜನ ಬಂದರೆ ನಾಲ್ಕು ಕಾಸು ಬರುತ್ತದೆ. ಕೆಲಸವಿಲ್ಲದ ಮಕ್ಕಳಿಗೆ ಗೈಡಿನ ಕೆಲಸವೋ ಹೋಟೆಲಿನ ಕೆಲಸವೋ ಸಿಕ್ಕೀತು. ಅದರ ಮೇಲೆ ಟಿಕೆಟ್ ದರದ ಪ್ರಶ್ನೆ. ಘಾನಾ ಪ್ರಜೆಗೆ ಒಂದು ದರ, ವಿದೇಶಿಯರಿಗೆ ಅದರ ಹಲವು ಪಟ್ಟು. ನನ್ನ ಮುತ್ತಜ್ಜಿಯನ್ನು ಸರಪಳಿ ಹಾಕಿ ಒಯ್ದ ಬಾಗಿಲನ್ನು ನೋಡಲು ನಾನು ವಿದೇಶಿ ದರ ತೆರಬೇಕೇ ಎಂದು ಆಫ್ರಿಕನ್ ಅಮೆರಿಕನ್ನರು ಕೌಂಟರಿನ ಮುಂದೆ ನಿಂತು ಕೇಳಿದಾಗ, ಟಿಕೆಟ್ ಹರಿದುಕೊಡುವ ನೌಕರನ ಬಳಿ ಉತ್ತರವಿರಲು ಸಾಧ್ಯವಿರಲಿಲ್ಲ. ಬೀದಿಯಲ್ಲಿ ಮಕ್ಕಳು ಅವರನ್ನು ‘ಒಬ್ರೊನಿ’ ಎಂದು ಕೂಗುತ್ತಿದ್ದರು. ಬಿಳಿಯರಿಗೆ, ಹೊರಗಿನವರಿಗೆ ಬಳಸುವ ಪದವದು. ತವರಿಗೆ ಬಂದೆನೆಂದುಕೊಂಡವರಿಗೆ ಟಿಕೆಟ್ ದರಕ್ಕಿಂತ ಹೆಚ್ಚು ಚುಚ್ಚಿದ್ದು ಪ್ರಾಯಶಃ ಇದೇ.

1994ರಲ್ಲಿ ಕೇಪ್ ಕೋಸ್ಟಿನಲ್ಲಿ ನಡೆದ ಸಮಾಲೋಚನಾ ಸಭೆ ಒಂದು ನಡುದಾರಿ ಹುಡುಕಿತು: ಎಲ್ಲ ಕಾಲಘಟ್ಟಗಳ, ಎಲ್ಲ ಆಳ್ವಿಕೆಗಳ ಕುರುಹುಗಳನ್ನೂ ತೋರಿಸಬೇಕು, ಆದರೆ ಗುಲಾಮರ ವ್ಯಾಪಾರಕ್ಕೆ ಸೇರಿದ ಭಾಗಗಳನ್ನು ಗೌರವದಿಂದ, ಗಂಭೀರವಾಗಿ ಕಾಪಾಡಬೇಕು. ಹೇಳುವುದು ಸುಲಭ. ಎಲ್ಮಿನಾದ ಒಂದೇ ಅಂಗಳದಲ್ಲಿ ಪೋರ್ಚುಗೀಸರ ಚರ್ಚಿದೆ, ಮೇಲಂತಸ್ತಿನಲ್ಲಿ ಬೈಬಲ್ಲಿನ 132ನೇ ಕೀರ್ತನೆಯ ಸಾಲನ್ನು ಬಾಗಿಲ ಮೇಲೆ ಬರೆಸಿಕೊಂಡ ಡಚ್ಚರ ಪ್ರಾರ್ಥನಾ ಕೋಣೆಯಿದೆ, ಹೆಂಗಸರ ಸೆರೆಮಾಳಿಗೆಯ ಅಂಗಳಕ್ಕೆ ಬಗ್ಗಿ ನೋಡುವ ಗವರ್ನರನ ಮೊಗಸಾಲೆಯಿದೆ, ಬಾಗಿಲ ಮೇಲೆ ತಲೆಬುರುಡೆ ಕೆತ್ತಿದ ಸಾವಿನ ಕೋಣೆಯಿದೆ, 1896ರಲ್ಲಿ ಬ್ರಿಟಿಷರು ಅಸಾಂಟೆಯ ಅರಸ ಮೊದಲನೆಯ ಪ್ರೆಂಪೆಯನ್ನು ಬಂಧಿಸಿಟ್ಟ ಕೋಣೆಯೂ ಇದೆ. ಅಸಾಂಟೆಯ ರಾಜಧಾನಿ ಕುಮಾಸಿಯಿಂದ ಬಂದ ಶಾಲಾಮಕ್ಕಳಿಗೆ ಪ್ರೆಂಪೆಯ ಕೋಣೆ ಬೇಕು, ಡಚ್ ಪ್ರವಾಸಿಗೆ ಕೀರ್ತನೆಯ ಸಾಲು ಬೇಕು, ಅಮೆರಿಕದ ಅಟ್ಲಾಂಟದಿಂದ ಬಂದ ಕರಿಯರಿಗೆ ಹೆಂಗಸರ ಮಾಳಿಗೆ ಬಿಟ್ಟು ಬೇರೇನೂ ಬೇಡ. ಗೈಡು ಗುಂಪಿನ ಮುಖ ನೋಡಿ ಕಥೆಯ ಅಳತೆ ಕತ್ತರಿಸುವುದನ್ನು ಕಲಿತ. ಅದನ್ನು ತಪ್ಪೆನ್ನಲಾಗದು, ಆದರೆ ದೂರದಿಂದ ಬಂದು, ಹೆಚ್ಚು ಹಣ ತೆತ್ತವರಿಗೆ ಬೇಕಾದ ಕಥೆಯೇ ಕಾಲಕ್ರಮೇಣ ಕೋಟೆಯ ಕಥೆಯಾಗಿ ಉಳಿಯಿತು ಎಂಬುದು ಕಣ್ಣಿಗೆ ಕಾಣುವ ಸಂಗತಿ.

ಮುಂದಿನದು ವೇಗವಾಗಿ ನಡೆಯಿತು. 1992ರಲ್ಲಿ ಆರಂಭವಾಗಿದ್ದ ಪಾನಾಫೆಸ್ಟ್ ಎಂಬ ಆಫ್ರಿಕನ್ ಮೂಲದವರ ಉತ್ಸವದ ಜೊತೆಗೆ 1998ರಲ್ಲಿ ಗುಲಾಮಗಿರಿಯ ಕೊನೆಯನ್ನು ನೆನೆಯುವ ವಿಮೋಚನಾ ದಿನಾಚರಣೆ ಸೇರಿತು. ಆ ವರ್ಷ ಜಮೈಕಾ ಮತ್ತು ಅಮೆರಿಕದಿಂದ ಗುಲಾಮ ಮೂಲದ ಇಬ್ಬರ ಅವಶೇಷಗಳನ್ನು ತಂದು, ಕಡಲ ಕಡೆಯಿಂದ ಅದೇ ಬಾಗಿಲ ಮೂಲಕ ಒಳಗೆ ತಂದು, ಸೆರೆಯಾಳುಗಳು ಕೊನೆಯ ಸ್ನಾನ ಮಾಡಿದರೆನ್ನುವ ಹೊಳೆಯ ದಂಡೆಯ ಅಸಿನ್ ಮಾನ್ಸೊದಲ್ಲಿ ಮಣ್ಣು ಮಾಡಲಾಯಿತು. ಆಗಿನಿಂದ ಬಾಗಿಲ ಹೊರಮೈಯಲ್ಲಿ ‘ಮರಳುವ ಬಾಗಿಲು’ ಎಂಬ ಫಲಕವಿದೆ. 2000ದಲ್ಲಿ ಆಫ್ರಿಕನ್ ಮೂಲದವರಿಗೆ ಘಾನಾದಲ್ಲಿ ನೆಲೆಸುವ ಹಕ್ಕು ಕೊಡುವ ಕಾನೂನು ಬಂತು. ಹೊರನಾಡಿನ ಆಫ್ರಿಕನ್ ಮೂಲದವರನ್ನು ಮರಳಿ ಕರೆಯಲು ಸರ್ಕಾರ ಹೂಡಿದ 2007ರ ‘ಜೋಸೆಫ್ ಯೋಜನೆ’ಯ ಹೆಸರು ನಿಜಕ್ಕೂ ಗಮನಿಸುವಂಥದ್ದು: ಬೈಬಲ್ಲಿನ ಜೋಸೆಫನನ್ನು ಮಾರಿದವರು ಅವನ ಅಣ್ಣಂದಿರೇ ಅಲ್ಲವೇ? ಭಾಷಣಗಳಲ್ಲಿ ಹೇಳಲಾಗದ್ದನ್ನು ಆ ಹೆಸರು ಹೇಳಿತು. 2009ರ ಜುಲೈನಲ್ಲಿ ಅಧ್ಯಕ್ಷ ಒಬಾಮ ಕುಟುಂಬ ಸಮೇತ ಕೇಪ್ ಕೋಸ್ಟಿಗೆ ಬಂದರು. ವರ್ಜೀನಿಯಕ್ಕೆ ಮೊದಲ ಆಫ್ರಿಕನ್ ಸೆರೆಯಾಳುಗಳು ತಲುಪಿದ 1619ರ ನಾಲ್ಕುನೂರನೆಯ ವರ್ಷವಾದ 2019ನ್ನು ‘ಮರಳುವ ವರ್ಷ’ವೆಂದು ಘೋಷಿಸಲಾಯಿತು, ಆ ವರ್ಷ ಘಾನಾಕ್ಕೆ ಬಂದ ವಿದೇಶಿಯರ ಸಂಖ್ಯೆ 11 ಲಕ್ಷ ಮೀರಿತು, ಹೊರನಾಡಿನ ಆಫ್ರಿಕನ್ ಮೂಲದ 126 ಮಂದಿ ಪೌರತ್ವ ಪಡೆದರು. ಅಕ್ರಾದ ಡಿಸೆಂಬರ್ ಸಂಗೀತ ಕೂಟಗಳೂ ಕೋಟೆಯ ಮಾಳಿಗೆಯೂ ಒಂದೇ ವಾರದ ಪ್ಯಾಕೇಜಿನಲ್ಲಿ ಬಂದದ್ದು ಆಗಲೇ. ಹೋಟೆಲು ಬೇಡವೆಂದಿದ್ದ ಜಾಗದ ಸುತ್ತ ಇದೂ ನಡೆಯಿತು.

ಇಷ್ಟೆಲ್ಲದರ ನಡುವೆ ಹಿಂದೆ ಸರಿದದ್ದು ಒಳನಾಡಿನ ಕಥೆ. ಉತ್ತರದ ಸಲಾಗಾದಲ್ಲಿ ದೊಡ್ಡ ಗುಲಾಮರ ಸಂತೆಯಿತ್ತು. ಅವರನ್ನು ತೊಳೆಯಲು ನೀರು ಸೇದುತ್ತಿದ್ದ ಬಾವಿಗಳನ್ನು ಇಂದೂ ತೋರಿಸುತ್ತಾರೆ. ಪ್ರವಾಸದ ನಕ್ಷೆಯಲ್ಲಿ ಸಲಾಗಾದಿಂದ ಕೋಟೆಗೆ ನೇರ ಗೆರೆಯೊಂದನ್ನು ಎಳೆಯುವ ರೂಢಿಯಿದೆ. ಆದರೆ ಸಲಾಗಾ ಸಂತೆ ಕಳೆಗಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅಂದರೆ ಬ್ರಿಟಿಷ್ ಹಡಗುಗಳ ವ್ಯಾಪಾರ ನಿಂತ ಮೇಲೆ. ಅಲ್ಲಿ ಕೋಲಾ ಕಾಯಿಯ ಜೊತೆ ಮಾರಾಟವಾದವರಲ್ಲಿ ಹೆಚ್ಚಿನವರು ಕಡಲು ದಾಟಲಿಲ್ಲ; ಇದೇ ನಾಡಿನ ಹೊಲಗಳಿಗೆ, ಮನೆಗಳಿಗೆ ಸೇರಿದರು. ಅವರ ಮೊಮ್ಮಕ್ಕಳು ಇಂದು ಅದೇ ಊರುಗಳಲ್ಲಿ, ಅದೇ ಕುಲದ ಹೆಸರಿನಲ್ಲಿ ಬದುಕುತ್ತಿದ್ದಾರೆ. ಒಬ್ಬರ ಮೂಲವನ್ನು ಇನ್ನೊಬ್ಬರು ಬಯಲು ಮಾಡಕೂಡದು ಎಂಬುದು ಅಸಾಂಟೆ, ಫಾಂಟಿ ಮೊದಲಾದವರು ಸೇರಿದ ಅಕಾನ್ ಜನರ ಹಳೆಯ ಕಟ್ಟಳೆ. ನಾವು ಋಷಿಮೂಲ, ನದಿಮೂಲ ಕೇಳಬಾರದು ಎನ್ನುತ್ತೇವೆ; ಅಲ್ಲಿ ಅದು ಗಾದೆಯಷ್ಟೇ ಅಲ್ಲ, ಕೊಂಡುತಂದವರನ್ನು ಮನೆಯವರನ್ನಾಗಿ ಮಾಡಿಕೊಂಡ ಸಮಾಜ ತನ್ನ ಒಗ್ಗಟ್ಟಿಗಾಗಿ ಹಾಕಿಕೊಂಡ ಬೀಗ. ಬೀಗದ ಹೊರಗೆ ನಿಂತ ಪ್ರವಾಸಿ ಕೇಳುವುದೋ, ನನ್ನ ಮೂಲ ಯಾವುದು ಎಂಬ ಪ್ರಶ್ನೆಯನ್ನೇ.

ಇದನ್ನು ಬರೆದಿಟ್ಟವರಲ್ಲಿ ನಮಗೆ ಪರಿಚಿತರೊಬ್ಬರಿದ್ದಾರೆ. ಮಂಗಳೂರಿಗೆ 1834ರಲ್ಲಿ ಬಂದು ಹೆಂಚು, ಮುದ್ರಣ, ಕಿಟೆಲ್ ನಿಘಂಟುಗಳಿಂದ ನಮ್ಮ ನೆನಪಿನಲ್ಲಿರುವ ಬಾಸೆಲ್ ಮಿಷನ್ 1828ರಲ್ಲೇ ಗೋಲ್ಡ್ ಕೋಸ್ಟಿಗೆ ಹೋಗಿತ್ತು. ಕ್ರೈಸ್ತರಾದವರೂ ಮನೆಯಲ್ಲಿ ಗುಲಾಮರನ್ನು ಇಟ್ಟುಕೊಳ್ಳುವುದನ್ನು ಏನು ಮಾಡುವುದೆಂಬ ಚರ್ಚೆ 1860ರ ದಶಕದಲ್ಲಿ ಅದರೊಳಗೆ ಬಿರುಸಾಗಿ ನಡೆದಿತ್ತು. ಅಲ್ಲಿ ಆಳುತ್ತಿದ್ದ ಬ್ರಿಟಿಷರು ಮನೆಯೊಳಗಿನ ಗುಲಾಮಗಿರಿಯನ್ನು ಕಾನೂನಿನಿಂದ ತೆಗೆದುಹಾಕಿದ್ದು 1874ರಲ್ಲಿ. ಕೋಟೆಯ ಗೈಡಿನ ಮಾತಿನಲ್ಲಿ ಈ ಇಸವಿ ಅಪರೂಪಕ್ಕೂ ಕೇಳಿಬರುವುದಿಲ್ಲ.

ಕೇಪ್ ಕೋಸ್ಟಿನ ಆ ಬಾಗಿಲು ತೆರೆದಾಗ ಎದುರಿಗೆ ಕಾಣುವುದು ಬರಿಯ ಕಡಲಲ್ಲ. ಬಣ್ಣ ಬಳಿದ ಉದ್ದನೆಯ ದೋಣಿಗಳು, ಒಣಗಲು ಹರಡಿದ ಬಲೆಗಳು, ಮೀನಿನ ಬುಟ್ಟಿ ಹೊತ್ತ ಫಾಂಟಿ ಹೆಂಗಸರು, ಅವರ ಗದ್ದಲ. ಕಣ್ಣೊರೆಸಿಕೊಳ್ಳುತ್ತ ಹೊರಬಂದ ಗುಂಪು ಅಲ್ಲಿ ಐದು ನಿಮಿಷ ನಿಂತು, ‘ಮರಳುವ ಬಾಗಿಲು’ ಫಲಕದಡಿ ಫೋಟೊ ತೆಗೆಸಿಕೊಂಡು ಒಳಗೆ ತಿರುಗುತ್ತದೆ. ಬಲೆ ಹೆಣೆಯುವವರು ತಲೆಯೆತ್ತಿಯೂ ನೋಡುವುದಿಲ್ಲ. ಪೂರ್ವ ತುದಿಯ ಕೆಟಾದಲ್ಲಿ 1784ರಲ್ಲಿ ಡೇನರು ಕಟ್ಟಿದ ಪ್ರಿನ್ಸೆನ್‌ಸ್ಟೀನ್ ಕೋಟೆಯೂ ಇದೇ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅದರ ದೊಡ್ಡ ಭಾಗ ಆಗಲೇ ಸಮುದ್ರದ ಪಾಲಾಗಿದೆ. ಅಷ್ಟು ದೂರಕ್ಕೆ ಪ್ರವಾಸಿ ಬಸ್ಸುಗಳು ಹೋಗುವುದು ಕಡಿಮೆ.