ಬೀದಿಯಲ್ಲಿ ಕುಣಿದವರು ಯಾವುದಕ್ಕೆ ಹೂಂ ಅಂದರು?

ಪರದೇಶದ ಸೈನ್ಯ ಬಂದು ಒಂದು ದೇಶದ ನಾಯಕನನ್ನು ಹಿಡಿದು ವಿಮಾನ ಹತ್ತಿಸಿದಾಗ ಟೀವಿಯಲ್ಲಿ ಎರಡೇ ಬಗೆಯ ಜನ ಕಾಣುತ್ತಾರೆ. ಕುಣಿಯುವವರು ಮತ್ತು ಬಾವುಟ ಸುಡುವವರು. ಕೆಲವು ದಿನ ಕಳೆದ ಮೇಲೆ ಒಂದು ಶೇಕಡಾವಾರು ಅಂಕಿ ಬರುತ್ತದೆ. ಅಲ್ಲಿಗೆ ಜನ ಏನಂದರು ಅನ್ನುವುದು ತೀರ್ಮಾನವಾಗಿಬಿಡುತ್ತದೆ.

ನಾನು ಜನಾಭಿಪ್ರಾಯ ಸಮೀಕ್ಷೆ ಮಾಡುವವಳು. ಪ್ರಶ್ನಾವಳಿ ಬರೆಯುವುದು, ಅದನ್ನು ಹಿಡಿದು ಮನೆ ಮನೆಗೆ ಹೋಗುವ ಹುಡುಗ ಹುಡುಗಿಯರಿಗೆ ತರಬೇತಿ ಕೊಡುವುದು, ಬಂದ ಉತ್ತರ ಓದುವುದು ನನ್ನ ಕೆಲಸ. ಇಂಥ ಅಂಕಿ ಕಂಡಾಗಲೆಲ್ಲ ನನಗೆ ಮಧ್ಯ ಅಮೆರಿಕದ ಪುಟ್ಟ ದೇಶ ಪನಾಮಾ ನೆನಪಾಗುತ್ತದೆ. ಅಲ್ಲಿನ ಕಥೆಗೆ ಮೂವತ್ತು ವರ್ಷ ದಾಟಿದೆ. ಮೊದಲ ದಿನದ ಸಂತೋಷ ಆಮೇಲೆ ಏನಾಯಿತು ಅಂತ ಪೂರ್ತಿ ನೋಡಬಹುದು.

1989ರ ಡಿಸೆಂಬರ್ 20ರ ನಡುರಾತ್ರಿ ಅಮೆರಿಕದ ಸುಮಾರು 27,000 ಸೈನಿಕರು ಪನಾಮಾದ ಮೇಲೆ ದಾಳಿ ಮಾಡಿದರು. ಗುರಿ ಜನರಲ್ ಮ್ಯಾನುಯೆಲ್ ನೊರಿಯೆಗಾ. ಹೆಸರಿಗೆ ಸೇನೆಯ ಮುಖ್ಯಸ್ಥ, ನಿಜದಲ್ಲಿ ದೇಶ ಆಳುತ್ತಿದ್ದವನು. ಅದಕ್ಕೆ ಕೆಲವೇ ದಿನ ಮುಂಚೆ ಅಲ್ಲಿನ ಪ್ರತಿನಿಧಿ ಸಭೆ ಅವನನ್ನೇ ಸರ್ಕಾರದ ಮುಖ್ಯಸ್ಥ ಅಂತ ಘೋಷಿಸಿತ್ತು. ಡಿಸೆಂಬರ್ 24ಕ್ಕೆ ಅವನು ವ್ಯಾಟಿಕನ್ ರಾಯಭಾರ ಕಚೇರಿ ಹೊಕ್ಕು ಆಶ್ರಯ ಪಡೆದ. ಸೈನಿಕರು ಕಟ್ಟಡ ಸುತ್ತುವರಿದು, ಲೌಡ್‌ಸ್ಪೀಕರ್ ಇಟ್ಟು ಕಿವಿ ಒಡೆಯುವ ಹಾಗೆ ರಾಕ್ ಸಂಗೀತ ಹಾಕಿದರು. 1990ರ ಜನವರಿ 3ರ ರಾತ್ರಿ ಅವನು ಹೊರಬಂದು ಶರಣಾದ. ಅಲ್ಲಿಂದ ನೇರವಾಗಿ ಅಮೆರಿಕದ ಮಿಯಾಮಿಗೆ ಕರೆದೊಯ್ದು, ಮಾದಕ ವಸ್ತು ಸಾಗಾಣಿಕೆ ಕೇಸಿನಲ್ಲಿ ಕೋರ್ಟಿಗೆ ಹಾಜರುಪಡಿಸಿದರು.

ಆ ರಾತ್ರಿ ಪನಾಮಾ ಸಿಟಿಯ ಬೀದಿಗಳಲ್ಲಿ ಹಬ್ಬ. ಜನ ಬಿಳಿ ಕರವಸ್ತ್ರ ಬೀಸಿದರು, ಪಾತ್ರೆ ಬಡಿದರು, ಕಾರಿನ ಹಾರನ್ ಹೊಡೆದರು. ಅದೇ ಹೊತ್ತಿಗೆ ಅಮೆರಿಕದ ಸಿಬಿಎಸ್ ಸುದ್ದಿವಾಹಿನಿ ಅಲ್ಲಿ ಸಮೀಕ್ಷೆ ಮಾಡಿಸಿತು. ದಾಳಿಯನ್ನು ಬೆಂಬಲಿಸುತ್ತೇವೆ ಅಂದವರು ನೂರಕ್ಕೆ 92 ಜನ.

ಈ ಅಂಕಿ ಸುಳ್ಳು, ಬಂದೂಕಿನ ಭಯಕ್ಕೆ ಹೇಳಿಸಿದ್ದು ಅಂತ ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ತಳ್ಳಿಹಾಕುವುದಿಲ್ಲ. ಆ ಪಾತ್ರೆ ಬಡಿಯುವ ಸದ್ದಿಗೆ ಹಿಂದಿನ ಕಥೆ ಇದೆ. 1985ರಲ್ಲಿ ನೊರಿಯೆಗಾನನ್ನು ಟೀಕಿಸುತ್ತಿದ್ದ ವೈದ್ಯ ಹ್ಯೂಗೋ ಸ್ಪಡಾಫೋರಾನ ರುಂಡವಿಲ್ಲದ ಶವ ಸಿಕ್ಕಿತು. 1987ರಲ್ಲಿ ಸಾಮಾನ್ಯ ಜನ ಬಿಳಿ ಬಟ್ಟೆ ತೊಟ್ಟು, ಅಡುಗೆಮನೆಯ ಬಾಣಲೆ ಸೌಟು ಹಿಡಿದು ಬೀದಿಗಿಳಿದರು. 1989ರ ಮೇ 7ಕ್ಕೆ ಚುನಾವಣೆ ನಡೆಯಿತು. ಚರ್ಚಿನವರು ಮಾಡಿದ ಲೆಕ್ಕದ ಪ್ರಕಾರ ವಿರೋಧ ಪಕ್ಷದ ಗಿಯೆರ್ಮೊ ಎಂಡಾರಾ ಭಾರೀ ಅಂತರದಲ್ಲಿ ಗೆದ್ದಿದ್ದರು. ನೊರಿಯೆಗಾ ಚುನಾವಣೆಯನ್ನೇ ರದ್ದು ಮಾಡಿದ. ಎಂಡಾರಾ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಬಿಲ್ಲಿ ಫೋರ್ಡ್ ಅವರನ್ನು ಗೂಂಡಾಗಳು ನಡುಬೀದಿಯಲ್ಲಿ ಹೊಡೆದರು. ರಕ್ತದಲ್ಲಿ ತೊಯ್ದ ಅವರ ಅಂಗಿಯ ಫೋಟೋ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ಅಕ್ಟೋಬರಿನಲ್ಲಿ ಅವನ ಸೇನೆಯೊಳಗೇ ಒಂದು ದಂಗೆಯಾಯಿತು. ಅದೂ ಸೋತು, ಮುಂದಾಳು ಮೇಜರ್ ಪ್ರಾಣ ಕಳೆದುಕೊಂಡ. ಸಿಬಿಎಸ್ ಸಮೀಕ್ಷೆಯಲ್ಲಿ ಅಮೆರಿಕ ಆ ದಂಗೆಯ ವೇಳೆಯಲ್ಲೇ ಬರಬೇಕಿತ್ತು ಅಂದವರು ನೂರಕ್ಕೆ 76 ಜನ.

ಮತ ಹಾಕಿ ನೋಡಿದರು, ಮೆರವಣಿಗೆ ಮಾಡಿ ನೋಡಿದರು, ಏಟು ತಿಂದರು. ಅಂಥ ಜನ ಅವನು ತೊಲಗಿದಾಗ ಕುಣಿದರೆ ಅದು ಅವರ ಹಕ್ಕು. ದೂರದಲ್ಲಿ ಕೂತು ಅವರಿಗೆ ಸ್ವಾಭಿಮಾನ ಇಲ್ಲ ಅನ್ನುವವರ ಮೇಲೆ ನನಗೆ ಸಿಟ್ಟೇ ಬರುತ್ತದೆ.

ನನ್ನ ತಕರಾರು ಇರುವುದು ಆ 92ನ್ನು ಓದುವ ರೀತಿಯ ಬಗ್ಗೆ.

ನಮ್ಮ ಕೆಲಸದಲ್ಲಿ ಹೊಸಬರಿಗೆ ಮೊದಲು ಕಲಿಸುವ ಪಾಠ, ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆ ತುರುಕಬೇಡಿ ಅನ್ನುವುದು. ಉದಾಹರಣೆಗೆ, 'ಪಂಚಾಯ್ತಿ ಅಧ್ಯಕ್ಷರನ್ನು ತೆಗೆದು ಆಡಳಿತಾಧಿಕಾರಿಯನ್ನು ನೇಮಿಸಿದ್ದು ಸರಿಯೇ?' ಅಂತ ಕೇಳಿದರೆ ಅಲ್ಲಿ ಎರಡು ವಿಷಯ ಇದೆ. ಜಗಲಿ ಮೇಲೆ ಕೂತ ಯಜಮಾನರು 'ಹೂಂ ಮತ್ತೆ, ಅವನು ಹೋಗಿದ್ದೇ ಒಳ್ಳೇದಾಯ್ತು ಬಿಡಿ' ಅನ್ನುತ್ತಾರೆ. ನಮ್ಮ ಹುಡುಗ ಸುಮ್ನೆ 'ಸರಿ' ಅಂತ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಾನೆ. ಆಡಳಿತಾಧಿಕಾರಿ ಬಗ್ಗೆ ಯಜಮಾನರು ಒಂದು ಮಾತೂ ಆಡಿಲ್ಲ. ಆದರೆ ವರದಿಯಲ್ಲಿ ಅವರು ಅಧಿಕಾರಿಯ ಪರ.

ದಾಳಿಯನ್ನು ಬೆಂಬಲಿಸುತ್ತೀರಾ ಅಂತ ಕೇಳಿದಾಗಲೂ ಇದೇ ಆಗುತ್ತದೆ. ನೊರಿಯೆಗಾ ಹೋದದ್ದಕ್ಕೆ ಸಂತೋಷವೇ ಅನ್ನುವುದು ಒಂದು ಪ್ರಶ್ನೆ. ಅವನನ್ನು ಪರದೇಶದ ಸೈನ್ಯ ಹಿಡಿದದ್ದು ಸರಿಯೇ ಅನ್ನುವುದು ಇನ್ನೊಂದು. ಅವನಿಗೆ ಮಿಯಾಮಿಯಲ್ಲಿ ಶಿಕ್ಷೆ ಆಗಬೇಕಾ, ಇಲ್ಲೇ ಆಗಬೇಕಾ? ಸತ್ತವರ ಲೆಕ್ಕ ಯಾರು ಕೊಡಬೇಕು? ಆ ಸೈನ್ಯ ನಾಳೆ ವಾಪಸ್ ಹೋಗಬೇಕಾ, ಇರಬೇಕಾ? ಇಷ್ಟನ್ನೂ ಬೇರೆ ಬೇರೆಯಾಗಿ ಕೇಳಿದರೆ ಒಬ್ಬ ಮನುಷ್ಯನೇ ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ ಅನ್ನಬಹುದು. ಅದರಲ್ಲಿ ಗೊಂದಲ ಏನಿಲ್ಲ. ಮನುಷ್ಯರು ಇರುವುದೇ ಹಾಗೆ, ಅಲ್ವಾ?

ಇನ್ನು, ಕೇಳಿದ್ದು ಯಾರನ್ನು? ಆ ಸಮೀಕ್ಷೆ ನಡೆದದ್ದು 158 ಪ್ರದೇಶಗಳಲ್ಲಿ. ದೇಶದ ವಯಸ್ಕರಲ್ಲಿ ಮುಕ್ಕಾಲು ಪಾಲು ಅದರ ವ್ಯಾಪ್ತಿಗೆ ಬರುತ್ತಿದ್ದರು. ಯುದ್ಧ ಆಗಷ್ಟೇ ನಿಂತ ದೇಶದಲ್ಲಿ ಅಷ್ಟು ಮಾಡಿದ್ದೇ ದೊಡ್ಡದು, ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೂ ಕಾಲು ಪಾಲು ಜನ ಹೊರಗುಳಿದರು.

ನೊರಿಯೆಗಾನ ಸೇನಾ ಕಚೇರಿ ಇದ್ದದ್ದು ಎಲ್ ಚೊರ್ರಿಯೊ ಅನ್ನುವ ಬಡವರ ಬಡಾವಣೆಯ ಪಕ್ಕದಲ್ಲಿ. ಪನಾಮಾ ಕಾಲುವೆ ತೋಡುವ ಕಾಲದಲ್ಲಿ ಕೂಲಿಗಳಿಗಾಗಿ ಕಟ್ಟಿದ ಹಳೇ ಮರದ ವಠಾರಗಳು ಅಲ್ಲಿ ಸಾಲಾಗಿ ನಿಂತಿದ್ದವು. ಕೆರಿಬಿಯನ್ ದ್ವೀಪಗಳಿಂದ ದುಡಿಯಲು ಬಂದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳು ಅನೇಕರು ಅಲ್ಲೇ ಬದುಕುತ್ತಿದ್ದರು. ದಾಳಿಯ ರಾತ್ರಿ ಬೆಂಕಿ ಬಿದ್ದು ಬೀದಿಗೆ ಬೀದಿಯೇ ಸುಟ್ಟುಹೋಯಿತು. ಸಾವಿರಾರು ಜನ ಉಟ್ಟ ಬಟ್ಟೆಯಲ್ಲಿ ಓಡಿದರು. ಮೊದಲು ಒಂದು ಶಾಲೆಯ ಮೈದಾನ, ಆಮೇಲೆ ಅಲ್ಬ್ರೂಕ್‌ನ ವಿಮಾನ ಹ್ಯಾಂಗರ್ ಅವರಿಗೆ ಆಸರೆಯಾಯಿತು. ಮನೆ ಮನೆಗೆ ಹೋಗಿ ಕೇಳುವ ಸಮೀಕ್ಷೆಯಲ್ಲಿ ಮನೆಯೇ ಇಲ್ಲದವರು ಸಿಗುವುದು ಕಷ್ಟ. ನಮ್ಮಲ್ಲೂ ಅಷ್ಟೇ. ಪ್ರವಾಹ ಬಂದು ಗಂಜಿ ಕೇಂದ್ರ ಸೇರಿದವರು, ಗುಳೇ ಹೋದವರು ಪಟ್ಟಿಯಿಂದ ಜಾರಿಹೋಗುತ್ತಾರೆ. ಹೆಚ್ಚು ನಷ್ಟ ಆದವರ ಮಾತೇ ಕಡಿಮೆ ದಾಖಲಾಗುತ್ತದೆ.

ಕೇಳುವವರು ಯಾರು ಅನ್ನುವುದೂ ಉತ್ತರವನ್ನು ಬದಲಿಸುತ್ತದೆ. ನಮ್ಮ ಹುಡುಗಿಯರು ಟ್ಯಾಬ್ ಹಿಡಿದು ಬಾಗಿಲಲ್ಲಿ ನಿಂತರೆ ಮನೆಯಾಕೆ ಕೇಳುವ ಮೊದಲ ಮಾತು, 'ಮೇಡಂ, ನೀವು ಯಾರ ಕಡೆಯೋರು?' ಪಕ್ಷದವರಾ, ಸರ್ಕಾರದವರಾ, ಸಾಲದ ಕಂಪನಿಯವರಾ? ಗೊತ್ತಾಗುವವರೆಗೆ ಬಾಯಿ ಬಿಡುವುದಿಲ್ಲ. ಗಂಡ ಪಕ್ಕದಲ್ಲಿ ನಿಂತಿದ್ದರೆ ಒಂದು ಉತ್ತರ, ಅವನು ಎದ್ದು ಹೋದರೆ ಇನ್ನೊಂದು. ರೇಷನ್, ರಸ್ತೆ ಬಗ್ಗೆ ಕೇಳುವಾಗಲೇ ಹೀಗೆ. ಬೀದಿಯ ತುದಿಯಲ್ಲಿ ಪರದೇಶದ ಟ್ಯಾಂಕ್ ನಿಂತಿರುವಾಗ, ಅದೇ ದೇಶದ ಟೀವಿ ಕಂಪನಿ ಪ್ರಶ್ನೆ ಕೇಳಿದರೆ ಹೇಗಿರುತ್ತದೆ? ಎಲ್ಲರೂ ಸುಳ್ಳು ಹೇಳುತ್ತಾರೆ ಅಂತಲ್ಲ. ಅನುಮಾನ ಇರುವವರು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಸುಲಭದ ಉತ್ತರ ಕೊಟ್ಟು ಕಳಿಸುತ್ತಾರೆ.

ಅದೇ ದಿನಗಳಲ್ಲಿ ಪಕ್ಕದ ದೇಶಗಳು ಏನಂದವು ನೋಡಿ. ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆ ಡಿಸೆಂಬರ್ 22ರಂದು ದಾಳಿಗೆ ವಿಷಾದ ಸೂಚಿಸಿ ನಿರ್ಣಯ ಮಾಡಿತು. ಪರವಾಗಿ 20 ಮತ, ವಿರೋಧವಾಗಿ ಅಮೆರಿಕದ ಒಂದೇ ಮತ. ಪೆರು ತನ್ನ ರಾಯಭಾರಿಯನ್ನು ವಾಷಿಂಗ್ಟನ್‌ನಿಂದ ವಾಪಸ್ ಕರೆಸಿಕೊಂಡಿತು. ಡಿಸೆಂಬರ್ 29ಕ್ಕೆ ವಿಶ್ವಸಂಸ್ಥೆಯ ಮಹಾಸಭೆ 75 ಮತಗಳಿಂದ ದಾಳಿಯನ್ನು ಖಂಡಿಸಿತು. 20 ದೇಶಗಳು ವಿರುದ್ಧ, 40 ದೇಶಗಳು ತಟಸ್ಥ. ಇತ್ತ ಅಮೆರಿಕದೊಳಗೆ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅವರನ್ನು ಮೆಚ್ಚಿದವರು ನೂರಕ್ಕೆ 80. ಪನಾಮಾದ ಹೆಂಗಸಿಗೆ ಕಂಡದ್ದು ತನ್ನ ಮಗನನ್ನು ಜೈಲಿಗೆ ಹಾಕಿದ್ದವನು. ಪೆರು ದೇಶದ ಮೇಷ್ಟ್ರಿಗೆ ಕಂಡದ್ದು ನಾಳೆ ತನ್ನ ಊರಿಗೂ ಬರಬಹುದಾದ ಹೆಲಿಕಾಪ್ಟರ್. ಇಬ್ಬರ ಮುಂದೆ ಇದ್ದ ಪ್ರಶ್ನೆಗಳೇ ಬೇರೆ.

ಇರಾಕಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಯಾಕೆಂದರೆ ಅಲ್ಲಿ ಪ್ರಶ್ನೆಗಳನ್ನು ಬಿಡಿಸಿ ಕೇಳಿದರು. 2003ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಗ್ಯಾಲಪ್ ಸಂಸ್ಥೆ ಬಾಗ್ದಾದಿನ ಮನೆಗಳಿಗೆ ಹೋಗಿ ಕೇಳಿತು. ಇಷ್ಟೆಲ್ಲ ಕಷ್ಟ ಪಟ್ಟರೂ ಸದ್ದಾಂ ಹುಸೇನ್ ಹೋದದ್ದು ಒಳ್ಳೆಯದೇ ಅಂದವರು ನೂರಕ್ಕೆ 62. ಡಿಸೆಂಬರ್ 13ಕ್ಕೆ ಸದ್ದಾಂ ಅಮೆರಿಕದ ಸೈನ್ಯಕ್ಕೆ ಸಿಕ್ಕಿಬಿದ್ದ. 2004ರ ಮೇ ತಿಂಗಳಲ್ಲಿ ಅಮೆರಿಕ ನಡೆಸುತ್ತಿದ್ದ ಆಡಳಿತವೇ ಮಾಡಿಸಿದ ಸಮೀಕ್ಷೆಯಲ್ಲಿ ಈ ಸೈನ್ಯ ನಮ್ಮನ್ನು ಆಕ್ರಮಿಸಿಕೊಂಡಿದೆ ಅಂದವರು ನೂರಕ್ಕೆ 92. ಬಿಡುಗಡೆ ಮಾಡಲು ಬಂದವರು ಅಂದವರು ಬರೀ 2. ಎರಡೂ ಸಮೀಕ್ಷೆಯ ಸ್ಯಾಂಪಲ್ ಬೇರೆ, ನಡುವೆ ಅಬೂ ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಇರಾಕಿ ಕೈದಿಗಳಿಗೆ ಹಿಂಸೆ ಕೊಡುವ ಚಿತ್ರಗಳು ಹೊರಬಂದಿದ್ದವು. ಹಾಗಾಗಿ ಒಂದರಿಂದ ಒಂದನ್ನು ಕಳೆಯುವ ಹಾಗಿಲ್ಲ. ಆದರೂ ಸರ್ವಾಧಿಕಾರಿ ತೊಲಗಿದ್ದು ಒಳ್ಳೆಯದು ಅನ್ನುವ ಮನಸ್ಸೂ ನೀವು ನಮ್ಮನ್ನು ಆಳಬೇಡಿ ಅನ್ನುವ ಮನಸ್ಸೂ ಒಂದೇ ಎದೆಯಲ್ಲಿ ಇರಬಲ್ಲವು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸದ್ದಾಂ ಸಿಕ್ಕ ಮರುದಿನ ತೋರಿಸಿದ ವಿಡಿಯೋ ನೆನಪಿರಬಹುದು. ಗಡ್ಡ ಬೆಳೆದ ಮುದುಕನೊಬ್ಬ ಬಾಯಿ ತೆರೆದಿದ್ದಾನೆ, ವೈದ್ಯ ಟಾರ್ಚ್ ಹಿಡಿದು ಗಂಟಲು ನೋಡುತ್ತಿದ್ದಾನೆ, ತಲೆಗೂದಲು ಕೆದಕುತ್ತಿದ್ದಾನೆ. ಪತ್ರಿಕಾಗೋಷ್ಠಿಯಲ್ಲಿದ್ದ ಇರಾಕಿ ಪತ್ರಕರ್ತರು ಎದ್ದು ನಿಂತು ಸದ್ದಾಂಗೆ ಧಿಕ್ಕಾರ ಕೂಗಿದರು. ಬಾಗ್ದಾದಿನಲ್ಲಿ ಖುಷಿಗೆ ಗಾಳಿಯಲ್ಲಿ ಗುಂಡು ಹಾರಿದವು. ವ್ಯಾಟಿಕನ್ನಿನ ಕಾರ್ಡಿನಲ್ ರೆನಾಟೊ ಮಾರ್ಟಿನೊ ಮಾತ್ರ, ಹಸುವಿನ ಹಲ್ಲು ನೋಡುವ ಹಾಗೆ ನೋಡುತ್ತಿದ್ದಾರೆ, ಅಯ್ಯೋ ಅನ್ನಿಸಿತು ಅಂದರು. ಅರಬ್ ದೇಶಗಳಲ್ಲಿ ಸದ್ದಾಂನನ್ನು ಕಂಡರಾಗದ ಅನೇಕರಿಗೂ ಆ ಚಿತ್ರ ಚುಚ್ಚಿತು.

ಈ ಸದ್ದಾಂ ವಿಷಯ ನಮ್ಮ ರಾಜ್ಯವನ್ನೂ ಮುಟ್ಟಿದೆ. 1990ರಲ್ಲಿ ಅವನ ಸೈನ್ಯ ಕುವೈತಿಗೆ ನುಗ್ಗಿದಾಗ ಅಲ್ಲಿಂದ ಒಂದು ಲಕ್ಷಕ್ಕೂ ಜಾಸ್ತಿ ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ವರ್ಷಗಟ್ಟಲೆ ದುಡಿದದ್ದನ್ನು ಅಲ್ಲೇ ಬಿಟ್ಟು ಬಂದವರು. 2006ರ ಡಿಸೆಂಬರ್ 30ಕ್ಕೆ ಸದ್ದಾಂಗೆ ಗಲ್ಲಾಯಿತು. 2007ರ ಜನವರಿಯಲ್ಲಿ ಅದನ್ನು ಖಂಡಿಸಿ ಬೆಂಗಳೂರಿನ ಶಿವಾಜಿನಗರ ಭಾಗದಲ್ಲಿ ಮೆರವಣಿಗೆ ನಡೆಯಿತು, ಗಲಭೆಯಾಯಿತು. ಮುಂದಿನ ದಿನಗಳ ಹಿಂಸೆಯಲ್ಲಿ ಒಬ್ಬ ಹುಡುಗ ಜೀವ ಕಳೆದುಕೊಂಡ. ಕರ್ನಾಟಕದವರು ಸದ್ದಾಂ ಬಗ್ಗೆ ಏನಂದರು ಅಂತ ಯಾರಾದರೂ ಒಂದೇ ಅಂಕಿ ಕೊಟ್ಟರೆ ಅದರಲ್ಲಿ ಇವರಲ್ಲಿ ಯಾರ ಮನಸ್ಸು ಇರುತ್ತದೆ?

ಮತ್ತೆ ಪನಾಮಾಗೆ ಬರೋಣ. ದಾಳಿ ಶುರುವಾಗುವ ಹೊತ್ತಿಗೇ ಎಂಡಾರಾ ಅಮೆರಿಕದ ಸೇನಾ ನೆಲೆಯೊಂದರಲ್ಲಿ ಅಧ್ಯಕ್ಷರಾಗಿ ಪ್ರಮಾಣ ಮಾಡಿದ್ದರು. ಅವರು ನಿಜವಾಗಿ ಗೆದ್ದವರು, ಆದರೆ ಪ್ರಮಾಣ ಮಾಡಿದ ಜಾಗ ಅವರನ್ನು ಕೊನೆವರೆಗೂ ಕಾಡಿತು. ಲೂಟಿಯಾದ ಅಂಗಡಿಗಳು, ಕೆಲಸ ಇಲ್ಲದ ಜನ. ಅಮೆರಿಕ ಕೊಡುತ್ತೇನೆಂದು ಹೇಳಿದ ನೆರವು ಬೇಗ ಬರಲಿಲ್ಲ. 1990ರ ಮಾರ್ಚಿನಲ್ಲಿ ಅಧ್ಯಕ್ಷರೇ ದೊಡ್ಡ ಚರ್ಚಿನಲ್ಲಿ ಉಪವಾಸ ಕೂತರು. 1994ರ ಚುನಾವಣೆಯಲ್ಲಿ ನೊರಿಯೆಗಾನ ಬೆನ್ನಿಗೆ ನಿಂತಿದ್ದ ಪಿಆರ್‌ಡಿ ಪಕ್ಷದ ಎರ್ನೆಸ್ಟೊ ಪೆರೆಸ್ ಬಯಾದಾರೆಸ್ ಅಧ್ಯಕ್ಷರಾದರು. ಬಹುಕೋನ ಸ್ಪರ್ಧೆ, ಸಿಕ್ಕಿದ್ದು ನೂರಕ್ಕೆ 33ರಷ್ಟು ಮತ. ಹಾಗಿದ್ದರೂ, ಐದೇ ವರ್ಷದಲ್ಲಿ ಆ ಪಕ್ಷ ವಾಪಸ್ ಬರುತ್ತದೆ ಅಂತ 92ರ ಅಂಕಿ ನೋಡಿದವರು ಯಾರೂ ಹೇಳುತ್ತಿರಲಿಲ್ಲ.

ಸತ್ತವರೆಷ್ಟು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಅಮೆರಿಕದ ಸೇನೆ ಕೊಟ್ಟ ಲೆಕ್ಕದಲ್ಲಿ ನಾಗರಿಕರು 202. ಪನಾಮಾದ ಸಂಘಟನೆಗಳು ಅದಕ್ಕಿಂತ ತುಂಬಾ ಜಾಸ್ತಿ ಅನ್ನುತ್ತವೆ. 2016ರಲ್ಲಿ ಅಲ್ಲಿನ ಸರ್ಕಾರ ಇದಕ್ಕಾಗಿಯೇ ಆಯೋಗ ಮಾಡಿತು. 2018ರಲ್ಲಿ ಅಮೆರಿಕ ಖಂಡದ ಮಾನವ ಹಕ್ಕು ಆಯೋಗದ ವರದಿ ಹೊರಬಂತು, ನೊಂದವರಿಗೆ ಅಮೆರಿಕ ಪರಿಹಾರ ಕೊಡಬೇಕು ಅಂದಿತು. 2020ರಲ್ಲಿ ಗುರುತು ಹಚ್ಚಲು ಸಮಾಧಿಗಳನ್ನು ತೆರೆದರು. 2022ರಲ್ಲಿ ಡಿಸೆಂಬರ್ 20ನ್ನು ರಾಷ್ಟ್ರೀಯ ಶೋಕ ದಿನ ಅಂತ ಕಾನೂನು ಮಾಡಿದರು. ನೊರಿಯೆಗಾ ಅಮೆರಿಕ, ಫ್ರಾನ್ಸ್ ಜೈಲು ಮುಗಿಸಿ 2011ರಲ್ಲಿ ಪನಾಮಾದ ಜೈಲಿಗೆ ಬಂದು, 2017ರಲ್ಲಿ ಸತ್ತಿದ್ದ. ಶೋಕ ದಿನ ಅವನಿಗಾಗಿ ಅಲ್ಲ, ಚೊರ್ರಿಯೊದಂಥ ಕಡೆ ಸತ್ತವರಿಗಾಗಿ. ಅವನು ಹೋಗಿದ್ದು ಒಳ್ಳೆಯದಾಯಿತು ಅಂತ ಈಗಲೂ ಹೇಳುವ ಪನಾಮಾದವರು ಅದೇ ದಿನ ಕಪ್ಪು ಬಟ್ಟೆಯನ್ನೂ ತೊಡಬಹುದು.

ತರಬೇತಿಯಲ್ಲಿ ನಾನು ಈ ಪ್ರಕರಣ ಹೇಳಿ, ಪನಾಮಾಗೆ ನೀವೇ ಪ್ರಶ್ನಾವಳಿ ಬರೆಯಿರಿ ಅನ್ನುತ್ತೇನೆ. ಮೊದಲ ಸಲ ಎಲ್ಲರೂ ಒಂದೇ ಪ್ರಶ್ನೆ ಬರೆಯುತ್ತಾರೆ. ಬಿಡಿಸಿ ಅಂದರೆ ನಾಲ್ಕೈದು ಬರುತ್ತವೆ. ಆಮೇಲೆ ಉತ್ತರದ ಕೋಡ್, ಅಂದರೆ ಒಂದೊಂದು ಬಗೆಯ ಉತ್ತರಕ್ಕೂ ಒಂದೊಂದು ಗುರುತು, ಬರೆಸುತ್ತೇನೆ. ಅಲ್ಲಿ ನಾನು ಹಟ ಹಿಡಿಯುವುದು ಒಂದಕ್ಕೆ. 'ಗೊತ್ತಿಲ್ಲ' ಅನ್ನುವುದಕ್ಕೆ ಒಂದು ಕೋಡ್, 'ಹೇಳಲ್ಲ' ಅನ್ನುವುದಕ್ಕೆ ಇನ್ನೊಂದು. ಜೊತೆಗೆ, ಮನೆಯವರು ಸಿಗಲಿಲ್ಲ ಅಂತ ಬಿಟ್ಟುಬಂದ ಮನೆ ಬೀಗ ಹಾಕಿತ್ತೋ, ಸುಟ್ಟುಹೋಗಿತ್ತೋ ಅಂತಲೂ ಬರೆದುಕೊಂಡು ಬರಬೇಕು.