ಗಾಡಿಯಲ್ಲೇ ಬೆಳೆದ ರೋಮನಿ ಮಕ್ಕಳಿಗೆ ಶುಚಿ, ಶಿಸ್ತು ಕಲಿಸಿದವರು ಯಾರು?

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಕುದುರೆಗಾಡಿ ಕಟ್ಟಿಕೊಂಡು ತಿರುಗುತ್ತಿದ್ದ ಜಿಪ್ಸಿಗಳ, ಅಂದರೆ ರೋಮನಿ ಜನರ, ಮಕ್ಕಳಿಗೆ ನಿಂತ ಮನೆಯಿರಲಿಲ್ಲ, ನಲ್ಲಿ ನೀರಿರಲಿಲ್ಲ, ಶಾಲೆಯೂ ಅಷ್ಟಕ್ಕಷ್ಟೆ. ಹಾಗಾದರೆ ಅವರು ಶುಚಿ, ಶಿಸ್ತುಗಳನ್ನು ಎಲ್ಲಿ ಕಲಿಯುತ್ತಿದ್ದರು?

ಉತ್ತರ: ಶಾಲೆಯ ಮುಖ ನೋಡುವುದಕ್ಕೂ ಮೊದಲೇ, ಗಾಡಿಯ ಬಳಿ ಇಟ್ಟಿರುತ್ತಿದ್ದ ಬೋಗುಣಿಗಳ ಮುಂದೆ ಕಲಿಯುತ್ತಿದ್ದರು.

ಸಂಪ್ರದಾಯಸ್ಥ ರೋಮನಿ ಕುಟುಂಬದ ಮಗು ಬಹಳ ಬೇಗ ಕಲಿಯುವ ಮಾತುಗಳಲ್ಲಿ ಅಶುದ್ಧ ಎಂಬ ಅರ್ಥದ ‘ಮೊಕಡಿ’ಯೂ ಒಂದು. ನಮ್ಮ ಕಡೆಯ ಮಡಿ, ಮೈಲಿಗೆ, ಮುಸುರೆಗಳ ಲೆಕ್ಕ ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ: ಕಣ್ಣಿಗೆ ಒಂದಿಷ್ಟೂ ಕೊಳೆ ಕಾಣದಿದ್ದರೂ ವಸ್ತು ಮೊಕಡಿಯಾಗಬಹುದು. ಊಟದ ಪಾತ್ರೆ ತೊಳೆಯಲು ಒಂದು ಬೋಗುಣಿ, ಮೈಕೈ ತೊಳೆಯಲು ಇನ್ನೊಂದು, ಬಟ್ಟೆ ಒಗೆಯಲು ಮತ್ತೊಂದು. ಒಂದರ ಕೆಲಸಕ್ಕೆ ಇನ್ನೊಂದನ್ನು ಬಳಸುವಂತಿಲ್ಲ. ಆಟವಾಡಿ ಬಂದ ಹುಡುಗ ಮರೆತು ಪಾತ್ರೆಯ ಬೋಗುಣಿಯಲ್ಲಿ ಕೈ ಅದ್ದಿದರೆ, ಅದನ್ನು ಎಷ್ಟು ಉಜ್ಜಿದರೂ ಮತ್ತೆ ಊಟದ ಪಾತ್ರೆಗೆ ಬಳಸುತ್ತಿರಲಿಲ್ಲ. ನಾಯಿ ನೆಕ್ಕಿದ ತಟ್ಟೆ ಎಷ್ಟೇ ಬೆಲೆಬಾಳುವ ಪಿಂಗಾಣಿಯದಾದರೂ ಒಡೆದು ಎಸೆಯಬೇಕಾದದ್ದೇ. ತನ್ನ ಮೈಯನ್ನು ತಾನೇ ನೆಕ್ಕಿಕೊಂಡು ಹೊರಗಿನ ಕೊಳೆಯನ್ನು ಒಳಗೆ ಸೇರಿಸಿಕೊಳ್ಳುವ ಬೆಕ್ಕು ಅವರ ಕಣ್ಣಿಗೆ ಅಶುದ್ಧ ಪ್ರಾಣಿ. ಮೈತುಂಬ ಮುಳ್ಳಿರುವುದರಿಂದ ಹಾಗೆ ನೆಕ್ಕಿಕೊಳ್ಳಲಾಗದ ಪುಟ್ಟ ಹೆಜ್‌ಹಾಗ್ ಶುದ್ಧ, ಆದ್ದರಿಂದ ಅದನ್ನು ಜೇಡಿಮಣ್ಣು ಮೆತ್ತಿ ಕೆಂಡದಲ್ಲಿ ಬೇಯಿಸಿ ತಿನ್ನುತ್ತಿದ್ದರು.

‘ವಾರ್ಡೋ’ ಎನ್ನುವ ಆ ಗಾಡಿಯ ಒಳಗೂ ಪ್ರತಿಯೊಂದಕ್ಕೂ ಜಾಗ ಗೊತ್ತುಮಾಡಿತ್ತು. ಮುಂಬದಿಯ ಬಾಗಿಲಿನಿಂದ ಒಳಗೆ ಕಾಲಿಟ್ಟರೆ ಎಡಕ್ಕೆ ಒಲೆ. ರಸ್ತೆಯ ಅಂಚಿನ ಮರಗಳ ಕೊಂಬೆ ಹೊಗೆಕೊಳವೆಗೆ ಬಡಿಯದಿರಲೆಂದೇ ಅದನ್ನು ರಸ್ತೆಯ ನಡುವಿನ ಕಡೆಗೆ ಬರುವ ಆ ಬದಿಗೆ ಇಡುತ್ತಿದ್ದರು. ಹಿಂಬದಿಯಲ್ಲಿ ಅಡ್ಡಲಾಗಿ ತಂದೆತಾಯಿಯ ಮಂಚ, ಅದರ ಕೆಳಗೆ ಸರಿಸುವ ಬಾಗಿಲಿನ ಕಪಾಟಿನಂಥ ಜಾಗ. ಚಿಕ್ಕ ಮಕ್ಕಳು ಮಲಗುತ್ತಿದ್ದುದು ಅಲ್ಲಿ. ಇಷ್ಟು ಇಕ್ಕಟ್ಟಿನಲ್ಲಿ ಒಂದು ಸಂಸಾರ ನೆಮ್ಮದಿಯಾಗಿ ಬಾಳಬೇಕಾದರೆ ಶಿಸ್ತಿಲ್ಲದೆ ನಡೆಯುವುದು ಹೇಗೆ?

ತಿರುಗಾಟಕ್ಕೂ ಒಂದು ಪಂಚಾಂಗವಿತ್ತು. ಬೇಸಿಗೆಯಲ್ಲಿ ಈವ್‌ಶಾಮ್ ಕಣಿವೆಯ ಬಟಾಣಿ ಮತ್ತು ಹಣ್ಣು ಬಿಡಿಸುವ ಕೆಲಸ. ಸೆಪ್ಟೆಂಬರ್ ಬಂತೆಂದರೆ ಬಿಯರಿಗೆ ಕಹಿ ಕೊಡುವ ಹಾಪ್ ಬಳ್ಳಿಯ ಕೊಯ್ಲಿಗೆ ಕೆಂಟ್ ಅಥವಾ ಹೆರೆಫರ್ಡ್‌ಶೈರ್. ಚಳಿಗಾಲದಲ್ಲಿ ಬಟ್ಟೆಗೆ ಹಾಕುವ ಮರದ ಕ್ಲಿಪ್ಪು ಮಾಡಿ ಮನೆಮನೆಗೆ ಮಾರುತ್ತಿದ್ದರು. ಅಪ್ಪ ವಿಲ್ಲೋ ಕಡ್ಡಿಯನ್ನು ಸೀಳುತ್ತಿದ್ದರೆ, ಹಳೆಯ ಡಬ್ಬಿಯ ತಗಡಿನಿಂದ ಕತ್ತರಿಸಿದ ಸಣ್ಣ ಪಟ್ಟಿಯನ್ನು ಅದಕ್ಕೆ ಸುತ್ತಿ ಮೊಳೆ ಹೊಡೆಯುವುದು ಮಕ್ಕಳ ಪಾಲಿಗೆ ಬರುತ್ತಿತ್ತು. ಜೂನ್ ತಿಂಗಳ ಆ್ಯಪಲ್‌ಬಿ ಕುದುರೆ ಜಾತ್ರೆಯಲ್ಲಿ ಈಡನ್ ಹೊಳೆಗಿಳಿದು ಕುದುರೆ ತೊಳೆಯುವ ಹುಡುಗರು, ದೊಡ್ಡವರು ಅಂಗೈಗೆ ಅಂಗೈ ತಟ್ಟಿ ವ್ಯಾಪಾರ ಕುದುರಿಸುವುದನ್ನು ನೋಡಿಯೇ ಬೆಲೆ ಕಟ್ಟುವುದನ್ನು ಕಲಿಯುತ್ತಿದ್ದರು. ಹಿಂದೆ ಬರುವ ಗಾಡಿಗೆ ದಾರಿ ತಿಳಿಯಲೆಂದು ಕವಲಿನಲ್ಲಿ ಎಲೆ, ಹುಲ್ಲು, ಕಡ್ಡಿಗಳ ಗುರುತು ಇಡುತ್ತಿದ್ದರು. ಅದರ ಹೆಸರು ‘ಪತ್ರಿನ್’. ಬಿಲ್ವಪತ್ರೆಯಲ್ಲಿ ನಾವು ಉಳಿಸಿಕೊಂಡಿರುವ ಎಲೆ ಎಂಬ ಅರ್ಥದ ಆ ಸಂಸ್ಕೃತ ಪದ, ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟ ಭಾಷೆಯೊಂದಿಗೆ ಅಲ್ಲಿಯವರೆಗೂ ನಡೆದುಹೋಗಿದೆ ಎಂಬುದು ನನ್ನನ್ನು ಪ್ರತಿಸಲವೂ ಹಿಡಿದು ನಿಲ್ಲಿಸುತ್ತದೆ.

ಶಾಲೆಯ ವಿಷಯದಲ್ಲಿ 1908ರ ಮಕ್ಕಳ ಕಾಯ್ದೆ ಈ ತಿರುಗಾಟವನ್ನು ಒಪ್ಪಿಕೊಂಡು, ಅಕ್ಟೋಬರಿನಿಂದ ಮಾರ್ಚ್‌ವರೆಗೆ 200 ಹಾಜರಿಯಾದರೆ ಸಾಕು ಎಂದಿತ್ತು. ಒಂದು ಹಾಜರಿಯೆಂದರೆ ಅರ್ಧ ದಿನ. ಆದರೆ ಬೀಡುಬಿಡುವ ವಿಷಯದಲ್ಲಿ ಆಮೇಲಿನ ಕಾನೂನುಗಳ ಔದಾರ್ಯ ಉಳಿಯಲಿಲ್ಲ. 1959ರ ಹೆದ್ದಾರಿ ಕಾಯ್ದೆ ಜಿಪ್ಸಿಗಳು ರಸ್ತೆಬದಿಯಲ್ಲಿ ಬೀಡುಬಿಡುವುದನ್ನೇ ಅಪರಾಧವಾಗಿಸಿತು. ಅವರಿಗೆ ತಂಗುದಾಣ ಒದಗಿಸಬೇಕೆಂದು 1968ರಲ್ಲಿ ಸ್ಥಳೀಯ ಆಡಳಿತಗಳ ಮೇಲೆ ಹೊರಿಸಿದ ಹೊಣೆಯನ್ನು 1994ರಲ್ಲಿ ತೆಗೆದುಹಾಕಲಾಯಿತು. ಅಷ್ಟರಲ್ಲಿ ಹಾಪ್ ಬಿಡಿಸಲು ಯಂತ್ರಗಳೂ ಬಂದಿದ್ದವು.

ಕುದುರೆಗಾಡಿಯ ಜಾಗಕ್ಕೆ ಮೋಟಾರು ಎಳೆಯುವ ಟ್ರೇಲರು ಬಂದಾಗಲೂ ಬೋಗುಣಿಗಳ ಲೆಕ್ಕ ತಪ್ಪಲಿಲ್ಲ. ಕೈಯನ್ನೂ ಬಟ್ಟಲನ್ನೂ ಒಂದೇ ತೊಟ್ಟಿಯಲ್ಲಿ ತೊಳೆಯುವ ‘ಗೋರ್ಜಾ’ಗಳ, ಅಂದರೆ ಹೊರಗಿನವರ, ಅಡುಗೆಮನೆ ಅವರಿಗೆ ಮೊಕಡಿಯಾಗಿಯೇ ಕಾಣುತ್ತಿತ್ತು. ಹಾಗಾಗಿ ಹಲವು ಕುಟುಂಬಗಳು ಸಿಂಕ್ ಇಲ್ಲದ ಟ್ರೇಲರುಗಳನ್ನೇ ಆರಿಸಿಕೊಂಡು, ಹೊಳೆಯುವ ಸ್ಟೀಲ್ ಬೋಗುಣಿಗಳನ್ನು ಎಂದಿನಂತೆ ಬೇರೆಬೇರೆಯಾಗಿ ಇಟ್ಟುಕೊಂಡವು.