ಆಕಾಶದಿಂದ ನಮ್ಮ ಪಾಲಿಗೆ ಬರುವುದೆಷ್ಟು: ಒಂದು ಲೆಕ್ಕ ಗೋಜಲಾದ ಬಗೆ

ಕಲಬುರಗಿಯ ಹಳೆಯ ಮನೆಗಳ ಮಾಳಿಗೆಗೆ ಹಾಸಿದ ಶಹಾಬಾದ್ ಫರ್ಸಿ ಮೇ ತಿಂಗಳ ಮಧ್ಯಾಹ್ನ ಬರಿಗಾಲು ಇಡಲಾಗದಷ್ಟು ಕಾಯುತ್ತದೆ. ಆಕಾಶ ನಿಚ್ಚಳವಾಗಿದ್ದು ಸೂರ್ಯ ನೆತ್ತಿಯ ಮೇಲಿದ್ದರೆ ಒಂದು ಚದರ ಮೀಟರ್ ಫರ್ಸಿಗೆ ಬೀಳುವ ಬಿಸಿಲು ಸುಮಾರು 1,000 ವ್ಯಾಟ್. ವಾತಾವರಣದ ಹೊರಗೆ ಅದು 1,361 ವ್ಯಾಟ್. ಇದೇ ಸೂರ್ಯನನ್ನು ನೆರೆಯ ನಕ್ಷತ್ರ ಆಲ್ಫಾ ಸೆಂಟಾರಿಯಷ್ಟು ದೂರ, ಅಂದರೆ 4.37 ಜ್ಯೋತಿರ್ವರ್ಷಗಳಾಚೆ ಇರಿಸಿದರೆ, ಅಷ್ಟೇ ಜಾಗಕ್ಕೆ ಬರುವುದು ಒಂದು ವ್ಯಾಟಿನ ಸುಮಾರು ಐದೂವರೆ ಕೋಟಿಯಲ್ಲಿ ಒಂದು ಪಾಲು.

ಲೆಕ್ಕದ ಬುಡ ಸರಳವಾಗಿದೆ. ಬೆಳಕು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ, ದೂರವನ್ನೇ ತ್ರಿಜ್ಯವಾಗಿ ಉಳ್ಳ ಗೋಲದ ಮೈಮೇಲೆ ಅದು ಹಂಚಿಹೋಗುತ್ತದೆ. ದೂರ ಇಮ್ಮಡಿಯಾದರೆ ಪಾಲು ಕಾಲುಭಾಗಕ್ಕೆ ಇಳಿಯುತ್ತದೆ; ಇದೇ ವಿಲೋಮ ವರ್ಗ ನಿಯಮ. 1838ರಲ್ಲಿ ಫ್ರಾನ್ಸಿನ ಕ್ಲೋಡ್ ಪೂಯೆ ನೀರಿನ ಪಾತ್ರೆಯನ್ನು ಬಿಸಿಲಿಗೊಡ್ಡಿ ಸೂರ್ಯನ ಪಾಲನ್ನು ಅಳೆದಂದಿನಿಂದ, ನಕ್ಷತ್ರಗಳ ನಡುವಿನ ಧೂಳು ಬೆಳಕನ್ನು ನುಂಗುತ್ತದೆಂದು 1930ರಲ್ಲಿ ರಾಬರ್ಟ್ ಟ್ರಂಪ್ಲರ್ ತೋರಿಸುವವರೆಗೆ, ಸೂತ್ರಕ್ಕೆ ಮುಖ್ಯವಾಗಿ ಸೇರಿದ್ದು ದಾರಿಯಲ್ಲಾಗುವ ನಷ್ಟದ ಬಾಬತ್ತು.

ಗೋಜಲು ಹುಟ್ಟಿದ್ದು ಗಾಮಾ ಕಿರಣ ಸ್ಫೋಟಗಳಿಂದ, ಅಂದರೆ ಆಕಾಶದಲ್ಲಿ ಎಲ್ಲೋ ಸಿಡಿದು ಅಲ್ಪಕಾಲ ಮಿಂಚಿ ಮರೆಯಾಗುವ ಗಾಮಾ ಕಿರಣಗಳಿಂದ. ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳಿಗೆ 1967ರಲ್ಲಿ ಇಂಥ ಮೊದಲ ಮಿಂಚು ಸಿಕ್ಕಿತಾದರೂ ಸಂಗತಿ ಪ್ರಕಟವಾದದ್ದು 1973ರಲ್ಲಿ. ಡಿಟೆಕ್ಟರಿಗೆ ಎಷ್ಟು ಬಂತೆಂಬುದು ತಿಳಿದಿತ್ತು, ಎಷ್ಟು ದೂರದಿಂದ ಬಂತೆಂಬುದು ತಿಳಿದಿರಲಿಲ್ಲ. ಲೆಕ್ಕದಲ್ಲಿ ದೂರದ ವರ್ಗ ಬರುವುದರಿಂದ, ಮೂಲ 3 ಲಕ್ಷ ಜ್ಯೋತಿರ್ವರ್ಷಗಳಾಚೆ ಇದೆಯೋ 300 ಕೋಟಿ ಜ್ಯೋತಿರ್ವರ್ಷಗಳಾಚೆ ಇದೆಯೋ ಎಂಬ ಒಂದೇ ಅನುಮಾನಕ್ಕೆ ಶಕ್ತಿಯ ಉತ್ತರ 10 ಕೋಟಿ ಪಟ್ಟು ಹಿಂದುಮುಂದಾಗುತ್ತಿತ್ತು. 1991ರಲ್ಲಿ ಹಾರಿದ ಕಾಂಪ್ಟನ್ ವೀಕ್ಷಣಾಲಯವು, ಸ್ಫೋಟಗಳು ಆಕಾಶದ ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುತ್ತಿರುವುದನ್ನು ತೋರಿಸಿದ ಮೇಲೂ ವಾದ ನಿಲ್ಲಲಿಲ್ಲ; 1995ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನ ಸಭೆಯೊಂದರಲ್ಲಿ ಖಗೋಳ ವಿಜ್ಞಾನಿಗಳಾದ ಡೊನಾಲ್ಡ್ ಲ್ಯಾಂಬ್ ಮೂಲ ನಮ್ಮ ಗ್ಯಾಲಕ್ಸಿಯದೇ ಎಂದೂ, ಬೋಹ್ದಾನ್ ಪಚಿನ್‌ಸ್ಕಿ ಅದು ಬಹುದೂರದ್ದೆಂದೂ ಎದುರುಬದುರು ವಾದಿಸಿದರು. 1997ರ ಮೇ 8ರ ಸ್ಫೋಟದ ಬೆಳಕಿನಲ್ಲಿ ಕನಿಷ್ಠ 0.835ರಷ್ಟು ಕೆಂಪುಪಲ್ಲಟ (ವಿಶ್ವ ಹಿಗ್ಗಿದಂತೆ ಬೆಳಕಿನ ಅಲೆ ಉದ್ದವಾಗಿ ಕೆಂಪಿನತ್ತ ಸರಿಯುವುದು; ಇದು ಹೆಚ್ಚಿದಷ್ಟೂ ಮೂಲ ದೂರ) ಕಂಡಾಗ ಪಚಿನ್‌ಸ್ಕಿಯವರ ಮಾತೇ ಗೆದ್ದಿತು.

ದೂರ ಸಿಕ್ಕ ಮೇಲೆ ಲೆಕ್ಕ ಸಲೀಸಾಗಬೇಕಿತ್ತು. 1999ರ ಜನವರಿ 23ರ ಸ್ಫೋಟದ ಕೆಂಪುಪಲ್ಲಟ 1.6. ಹಿಗ್ಗುವ ವಿಶ್ವದಲ್ಲಿ ಪ್ರತಿ ಫೋಟಾನಿನ, ಅಂದರೆ ಬೆಳಕಿನ ಕಣದ, ಶಕ್ತಿ ಇದಕ್ಕೆ ಒಂದು ಕೂಡಿಸಿದಷ್ಟು, ಅಂದರೆ 2.6 ಪಟ್ಟು ಕುಗ್ಗುತ್ತದೆ, ಫೋಟಾನುಗಳ ನಡುವಿನ ಸಮಯವೂ 2.6 ಪಟ್ಟು ಹಿಗ್ಗುತ್ತದೆ. ಎರಡೂ ಸೇರಿದಾಗ ನಮಗೆ ತಲುಪುವ ಪಾಲು ಸುಮಾರು 6.8 ಪಟ್ಟು ಕಡಿಮೆ. ಇದನ್ನೆಲ್ಲ ಹಿಡಿದು, ಬೆಳಕು ಸುತ್ತಲೂ ಸಮನಾಗಿ ಚೆಲ್ಲಿದೆಯೆಂದು ಲೆಕ್ಕ ಹಾಕಿದಾಗ ಬಂದ ಶಕ್ತಿಗೆ ಸೂರ್ಯನ ಇಡೀ ದ್ರವ್ಯರಾಶಿಯನ್ನು ಶಕ್ತಿಯಾಗಿಸಿದರೂ ಸಾಲುತ್ತಿರಲಿಲ್ಲ. ಸ್ಫೋಟದ ನಂತರ ಉಳಿದ ಮಂದ ಬೆಳಕು ಕೆಲವೇ ದಿನಗಳಲ್ಲಿ ಇದ್ದಕ್ಕಿದ್ದಂತೆ ಬೇಗಬೇಗ ಕುಂದತೊಡಗಿದ್ದು ಸುಳಿವಾಯಿತು: ಬೆಳಕು ಟಾರ್ಚಿನಿಂದ ಬಂದಂತೆ ಕಿರಿದಾದ ಧಾರೆಯಾಗಿ ಚಿಮ್ಮಿತ್ತು. ಎದುರುಬದುರಾದ ಎರಡು ಧಾರೆಗಳ ಅರ್ಧಕೋನ (ಧಾರೆಯ ನಡುಗೆರೆಯಿಂದ ಅಂಚಿನವರೆಗಿನ ಕೋನ) 5 ಡಿಗ್ರಿಯೆಂದರೆ ಶಕ್ತಿಯ ಅಂದಾಜು ಸುಮಾರು 260 ಪಟ್ಟು ಇಳಿಯುತ್ತದೆ. 10 ಡಿಗ್ರಿಯೆಂದರೆ ಸುಮಾರು 66 ಪಟ್ಟು ಮಾತ್ರ.

ಸುದ್ದಿಗಳ ತಲೆಬರಹಗಳಲ್ಲಿ ಬರುವ ಭಾರಿ ಸಂಖ್ಯೆಗಳು ಎಷ್ಟೋ ಸಲ ಈ ‘ಸುತ್ತಲೂ ಸಮ’ ಎಂಬ ಊಹೆಯ ಮೇಲೆ ನಿಂತಿರುತ್ತವೆ. ಊಹೆಯ ಮಾತನ್ನೇ ಹೇಳದೆ ಸಂಖ್ಯೆಯನ್ನಷ್ಟೇ ಕನ್ನಡಕ್ಕೆ ತಂದಾಗ, ಕಲಬುರಗಿಯ ಪದವಿ ತರಗತಿಯಲ್ಲಿ ವಿಲೋಮ ವರ್ಗ ನಿಯಮ ಕಲಿತ ಹುಡುಗಿಗೆ ಅದನ್ನು ತಾನೇ ತಾಳೆ ನೋಡುವ ದಾರಿ ಮುಚ್ಚಿಹೋಗುತ್ತದೆ. ಧಾರೆಯ ಕೋನವನ್ನೂ ಕೆಂಪುಪಲ್ಲಟವನ್ನೂ ಒಂದೊಂದು ಸಾಲಿನಲ್ಲಿ ಹೇಳಿದ್ದರೆ ಅವಳಿಗೆ ಸಾಕಿತ್ತು.

2022ರ ಅಕ್ಟೋಬರ್ 9ರ ಸ್ಫೋಟದಲ್ಲಿ ತೊಡಕು ಇನ್ನೂ ಮೊದಲಿಗೇ ಬಂತು. ಅದರ ಪ್ರಖರತೆಗೆ ಹಲವು ಡಿಟೆಕ್ಟರುಗಳ ಎಣಿಕೆಯೇ ತಪ್ಪಿಹೋಯಿತು. ಅಲ್ಲಿಯವರೆಗೆ ಅನುಮಾನಕ್ಕೆ ಎಡೆಯಿಲ್ಲವೆಂದುಕೊಂಡಿದ್ದ ಅಂಕಿಯನ್ನು, ಅಂದರೆ ಡಿಟೆಕ್ಟರಿಗೆ ಬಂದದ್ದೆಷ್ಟು ಎಂಬುದನ್ನೇ, ವಿಜ್ಞಾನಿಗಳು ತಿದ್ದಿ ಕಟ್ಟಬೇಕಾಯಿತು.